ಬೆಳಿಗ್ಗೆ ಐದರಿಂದ ಆರೂಕಾಲು: ಹನ್ನೊಂದು ವಾರ ಲಾಹಬ್ ಬಳಸಿ ಎಲ್‌ಸ್ಯಾಟ್ ಬರೆದೆ

ಎಲ್‌ಸ್ಯಾಟ್ ಅಂದರೆ ಅಮೆರಿಕದ ಲಾ ಸ್ಕೂಲ್ ಸೇರೋಕೆ ಬರೆಯುವ ಪ್ರವೇಶ ಪರೀಕ್ಷೆ. ಅದಕ್ಕೆ ಓದೋಕೆ ನನಗೆ ಸಿಕ್ಕಿದ್ದು ವಾರದ ದಿನಗಳಲ್ಲಿ ಬೆಳಿಗ್ಗೆ ಐದರಿಂದ ಆರೂಕಾಲರವರೆಗೆ. ಶನಿವಾರ ಮೂರು ಗಂಟೆ. ಭಾನುವಾರ ಏನೂ ಇಲ್ಲ. ಹೀಗೆ ಹನ್ನೊಂದು ವಾರ ಓದಿದೆ. ಎಲ್ಲ ಕೂಡಿಸಿದರೆ ಸುಮಾರು 100 ಗಂಟೆ. ಮೊದಲ ದಿನ ಬರೆದ ಅಭ್ಯಾಸ ಪರೀಕ್ಷೆಯಲ್ಲಿ 148 ಬಂದಿತ್ತು. 2025ರ ಅಕ್ಟೋಬರ್‌ನಲ್ಲಿ ಬರೆದ ನಿಜವಾದ ಪರೀಕ್ಷೆಯಲ್ಲಿ 160 ಬಂತು. ನಾನು ಮುಖ್ಯವಾಗಿ ಬಳಸಿದ್ದು ಎರಡೇ: ಲಾಹಬ್ ಅನ್ನುವ ಅಭ್ಯಾಸದ ತಾಣ, ಮತ್ತೆ ಇನ್ನೂರು ಪುಟದ ಒಂದು ನೋಟ್‌ಬುಕ್. ಕೆಲಸ, ಮನೆ, ಮಗು ಎಲ್ಲ ಇಟ್ಟುಕೊಂಡು ಈ ಪರೀಕ್ಷೆ ಬರೆಯಬೇಕು ಅಂತಿರುವ ಕನ್ನಡದವರು ಅಮೆರಿಕದಲ್ಲಿ ಇನ್ನೂ ಇದ್ದೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಒಹಾಯೋದ ಕೊಲಂಬಸ್‌ನಲ್ಲಿ ಒಬ್ಬ ಇಮಿಗ್ರೇಷನ್ ವಕೀಲರ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ವೀಸಾ, ಗ್ರೀನ್ ಕಾರ್ಡ್ ಫೈಲುಗಳನ್ನು ಜೋಡಿಸುವುದು, ಫಾರಂ ತುಂಬುವುದು, ದಾಖಲೆ ತರಿಸುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಫೈಲಿನ ಒಳಗೆ ಏನಿದೆ ಅಂತ ನನಗೆ ಚೆನ್ನಾಗಿ ಗೊತ್ತಿರುತ್ತೆ. ಎದುರಿಗೆ ಕೂತವರು ಕಣ್ಣಲ್ಲಿ ನೀರು ಇಟ್ಟುಕೊಂಡು "ನನ್ನ ಕೇಸ್ ಏನಾಗುತ್ತೆ?" ಅಂತ ಕೇಳುತ್ತಾರೆ. "ನಾನು ಲಾಯರ್ ಅಲ್ಲ, ಅವರನ್ನೇ ಕೇಳಬೇಕು" ಅಂತ ನಾನು ಹೇಳಬೇಕು. ಕಾನೂನೇ ಹಾಗಿದೆ, ಸರಿಯೂ ಹೌದು. ಆದರೆ ಆ ಮಾತು ಹೇಳಿ ಹೇಳಿ ಸಾಕಾಯಿತು. ಸಂಜೆ ತರಗತಿ ಇರುವ ಲಾ ಸ್ಕೂಲಿಗೆ ಅರ್ಜಿ ಹಾಕೋಣ ಅಂತ ಹೋದ ವರ್ಷ ಗಟ್ಟಿ ಮನಸ್ಸು ಮಾಡಿದೆ. ಮಗಳಿಗೆ ಏಳು ವರ್ಷ. ನನ್ನ ಗಂಡ ಹೇಳಿದ್ದು ಒಂದೇ ಮಾತು: "ಬೆಳಗಿನ ತಿಂಡಿ, ಡಬ್ಬಿ ನಾನು ನೋಡಿಕೊಳ್ಳುತ್ತೇನೆ. ಆರೂಕಾಲರವರೆಗೆ ನಿನ್ನನ್ನು ಯಾರೂ ಕರೆಯಲ್ಲ." ಹನ್ನೊಂದು ವಾರ ಅವರು ಆ ಮಾತು ಉಳಿಸಿಕೊಂಡರು.

ಲಾಹಬ್‌ಗೆ ಬರುವ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಲೇಬೇಕು. ಯಾಕಂದ್ರೆ ಸಮಯ ಕಡಿಮೆ ಇರುವವರು ಮೊದಲು ಬೀಳುವ ಹಳ್ಳ ಅದು. ಜೂನ್‌ನಲ್ಲಿ 1,150 ಡಾಲರ್ ಕೊಟ್ಟು ಒಂದು ಆನ್‌ಲೈನ್ ಕೋರ್ಸ್ ಸೇರಿದೆ. ಹೆಸರು ಬೇಡ. ಪಾಠ ಮಾಡುವವರು ಚೆನ್ನಾಗಿ ತಿಳಿದವರೇ. ಆದರೆ ವಿಡಿಯೊಗಳೇ 70 ಗಂಟೆಯಷ್ಟಿದ್ದವು. ವಾರಕ್ಕೆ ನನ್ನ ಕೈಯಲ್ಲಿದ್ದದ್ದು ಒಂಬತ್ತು ಗಂಟೆ ಚಿಲ್ಲರೆ. ಅಂದರೆ ಸುಮ್ನೆ ಕೂತು ನೋಡಿ ಮುಗಿಸೋಕೇ ಏಳೆಂಟು ವಾರ ಬೇಕು. ಅಷ್ಟರಲ್ಲಿ ನಾನೇ ಪೆನ್ಸಿಲ್ ಹಿಡಿದು ಬಿಡಿಸಿದ ಪ್ರಶ್ನೆ ಎಷ್ಟು? ಬೆರಳೆಣಿಕೆಯಷ್ಟು. ನೋಡುವಾಗ ಎಲ್ಲವೂ ಅರ್ಥವಾಗುತ್ತಿತ್ತು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಎಲ್ಲರಿಗೂ ಅರ್ಥವಾಗುತ್ತೆ ಅಲ್ವಾ, ಹಾಗೆ. ಎರಡು ವಾರ ಆದ ಮೇಲೆ ದುಡ್ಡು ವಾಪಸ್ ಕೇಳಿದೆ. ಏಳು ದಿನದ ಗಡುವು ಮುಗಿದಿದೆ ಅಂದರು. ಆ ಗಡುವು ಷರತ್ತುಗಳಲ್ಲಿ ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ದುಡ್ಡು ಕಟ್ಟುವ ಪುಟದಲ್ಲಿ ಇರಲಿಲ್ಲ. ಅದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಜುಲೈ ಮಧ್ಯದಲ್ಲಿ ಲಾಹಬ್ ತೆರೆದೆ. ಇದು ಎಲ್‌ಸ್ಯಾಟ್ ನಡೆಸುವ ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್ ಅವರದೇ ತಾಣ. ಪ್ರಶ್ನೆ ತಯಾರು ಮಾಡುವವರೇ ಅಭ್ಯಾಸಕ್ಕೆ ಪ್ರಶ್ನೆ ಕೊಡುತ್ತಾರೆ. ಉಚಿತ ಖಾತೆಯಲ್ಲೇ ಕೆಲವು ಪೂರ್ತಿ ಪತ್ರಿಕೆಗಳು ಸಿಗುತ್ತವೆ. ದುಡ್ಡು ಕೊಟ್ಟು (2025ರಲ್ಲಿ ವರ್ಷಕ್ಕೆ 120 ಡಾಲರ್ ಇತ್ತು) ಲಾಹಬ್ ಅಡ್ವಾಂಟೇಜ್ ತೆಗೆದುಕೊಂಡರೆ ಐವತ್ತಕ್ಕೂ ಜಾಸ್ತಿ ಪತ್ರಿಕೆಗಳು ತೆರೆದುಕೊಳ್ಳುತ್ತವೆ. ಎಲ್ಲವೂ ಹಿಂದೆ ನಿಜವಾಗಿ ನಡೆದ ಪರೀಕ್ಷೆಗಳ ಪ್ರಶ್ನೆಗಳು, ಈಗಿನ ಮಾದರಿಗೆ ಜೋಡಿಸಿದ್ದು. 101ರಿಂದ ಶುರುವಾಗುವ ನಂಬರ್ ಇರುವವು ಈ ಹೊಸ ಜೋಡಣೆಯವು. ನಾನು ಮೊದಲ ಎರಡು ವಾರ ಉಚಿತ ಖಾತೆಯಲ್ಲೇ ಇದ್ದೆ. ಮೂರನೇ ವಾರ ದುಡ್ಡು ಕಟ್ಟಿದೆ. ನೀವೂ ಹಾಗೇ ಮಾಡಿ. ಮೊದಲ ದಿನವೇ ಐವತ್ತು ಪತ್ರಿಕೆ ಕಣ್ಣ ಮುಂದೆ ಬಂದರೆ ಯಾವುದನ್ನೂ ಗಮನ ಕೊಟ್ಟು ಮಾಡೋಕಾಗಲ್ಲ.

ಮಾದರಿಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾಲ್ಕು ಸೆಕ್ಷನ್, ಒಂದೊಂದಕ್ಕೆ 35 ನಿಮಿಷ. ಎರಡು ಲಾಜಿಕಲ್ ರೀಸನಿಂಗ್ (ಚಿಕ್ಕ ವಾದಗಳನ್ನು ಅಳೆಯುವುದು), ಒಂದು ರೀಡಿಂಗ್ ಕಾಂಪ್ರಹೆನ್ಷನ್ (ಉದ್ದದ ಬರಹ ಓದಿ ಉತ್ತರಿಸುವುದು). ಇನ್ನೊಂದು ಈ ಎರಡರಲ್ಲಿ ಒಂದು ಬಗೆಯದು, ಅದಕ್ಕೆ ಅಂಕ ಇಲ್ಲ. ಆದರೆ ಅದು ಯಾವುದು ಅಂತ ನಮಗೆ ಹೇಳಲ್ಲ. ಹಾಗಾಗಿ ನಾಲ್ಕನ್ನೂ ಸಮನಾಗಿ ಬರೆಯಬೇಕು. ಎರಡನೆಯದರ ನಂತರ ಹತ್ತು ನಿಮಿಷ ಬಿಡುವು. ಅಂಕ 120ರಿಂದ 180ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಮೊದಲು ಲಾಜಿಕ್ ಗೇಮ್ಸ್ ಅಂತ ಒಗಟಿನ ಥರದ ಸೆಕ್ಷನ್ ಇತ್ತು, 2024ರ ಆಗಸ್ಟ್‌ನಿಂದ ಅದನ್ನು ತೆಗೆದುಹಾಕಿದ್ದಾರೆ. ಅದಕ್ಕೇ ಹಳೇ ಪುಸ್ತಕ ಕೊಳ್ಳುವಾಗ ಎಚ್ಚರ. ನನ್ನ ಸಹೋದ್ಯೋಗಿ ಪ್ರೀತಿಯಿಂದ ತನ್ನ ಹಳೇ ಪುಸ್ತಕಗಳ ದೊಡ್ಡ ಚೀಲ ತಂದುಕೊಟ್ಟಳು. ಅದರಲ್ಲಿ ಅತಿ ದಪ್ಪನೆಯದು ಪೂರ್ತಿ ಗೇಮ್ಸ್ ಬಗ್ಗೆಯೇ ಇತ್ತು. ಈಗ ಅದರಿಂದ ಪ್ರಯೋಜನ ಇಲ್ಲ. ಲಾಜಿಕಲ್ ರೀಸನಿಂಗ್ ಪುಸ್ತಕ ಮಾತ್ರ ಇಟ್ಟುಕೊಂಡೆ.

ಲಾಹಬ್‌ನಲ್ಲಿ ನನಗೆ ಮೊದಲು ಇಷ್ಟವಾಗಿದ್ದು ಅದರ ಪರದೆ. ಪರೀಕ್ಷೆಯ ದಿನ ಯಾವ ಪರದೆ ಬರುತ್ತೋ ಅಭ್ಯಾಸಕ್ಕೂ ಅದೇ ಬರುತ್ತೆ. ಎಡಗಡೆ ಓದುವ ಭಾಗ, ಬಲಗಡೆ ಪ್ರಶ್ನೆ ಮತ್ತು ಐದು ಆಯ್ಕೆ. ಬಣ್ಣ ಹಚ್ಚಬಹುದು, ಅಡಿಗೆರೆ ಎಳೆಯಬಹುದು, ಬೇಡದ ಆಯ್ಕೆಯನ್ನು ಹೊಡೆದುಹಾಕಬಹುದು. ಆಮೇಲೆ ನೋಡೋಣ ಅನ್ನಿಸಿದ ಪ್ರಶ್ನೆಗೆ ಬಾವುಟ ಗುರುತು ಹಾಕಬಹುದು. ಐದು ನಿಮಿಷ ಉಳಿದಾಗ ಎಚ್ಚರಿಕೆ ಬರುತ್ತೆ. ಇದೆಲ್ಲ ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಪರೀಕ್ಷೆಯ ದಿನ ನನ್ನ ಕೈ ತಾನಾಗಿಯೇ ಕೆಲಸ ಮಾಡಿತು. ಆಯ್ಕೆ ಹೊಡೆಯೋದು ಎಲ್ಲಿ, ಬಾವುಟ ಎಲ್ಲಿ ಅಂತ ಒಂದು ಸಲವೂ ಹುಡುಕಲಿಲ್ಲ. ಇನ್ನೊಂದು ಅನುಕೂಲ ಏನಂದ್ರೆ, ಪೂರ್ತಿ ಪತ್ರಿಕೆ ಬೇಡ ಅಂದರೆ ಒಂದೇ ಸೆಕ್ಷನ್ ತೆರೆಯಬಹುದು. ಗಡಿಯಾರ ಇಟ್ಟು ಮಾಡಬಹುದು, ಗಡಿಯಾರ ಇಲ್ಲದೆಯೂ ಮಾಡಬಹುದು. ನನ್ನ ಒಂದೂಕಾಲು ಗಂಟೆಗೆ ಇದು ಅಳತೆ ತೆಗೆದು ಹೊಲಿಸಿದ ಹಾಗಿತ್ತು. 35 ನಿಮಿಷ ಒಂದು ಸೆಕ್ಷನ್, ಉಳಿದ 40 ನಿಮಿಷ ತಪ್ಪುಗಳ ಪರಿಶೀಲನೆ.

ಆ 40 ನಿಮಿಷವೇ ನನ್ನ ಅಂಕ ಏರಿಸಿದ್ದು. ಲಾಹಬ್ ಪ್ರಶ್ನೆ ಕೊಡುತ್ತೆ, ಅಂಕ ಹೇಳುತ್ತೆ, ಎಲ್ಲಿ ತಪ್ಪಿತು ಅಂತ ತೋರಿಸುತ್ತೆ. ಯಾಕೆ ತಪ್ಪಿತು ಅನ್ನೋದನ್ನು ಮಾತ್ರ ನಾವೇ ಕೂತು ಹುಡುಕಬೇಕು.

ನಾನು ಮಾಡಿದ್ದಕ್ಕೆ ಬ್ಲೈಂಡ್ ರಿವ್ಯೂ ಅಂತಾರೆ. ಗಡಿಯಾರ ಇಟ್ಟು ಸೆಕ್ಷನ್ ಮಾಡುವಾಗ, ಅನುಮಾನ ಇರುವ ಪ್ರಶ್ನೆಗಳ ನಂಬರ್ ಕಾಗದದ ಮೇಲೆ ಬರೆದುಕೊಳ್ಳಬೇಕು. ಸಮಯ ಮುಗಿದ ಮೇಲೆ ಅಂಕ ನೋಡಬಾರದು. ಆ ಪ್ರಶ್ನೆಗಳನ್ನು ಗಡಿಯಾರ ಇಲ್ಲದೆ ಮತ್ತೆ ಬಿಡಿಸಬೇಕು. ಎರಡನೇ ಉತ್ತರವನ್ನೂ ಬರೆದಿಟ್ಟು ಆಮೇಲೆ ಅಂಕ ನೋಡಬೇಕು. ಅಂಕ ನೋಡದೆ ಇರೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಮೊದಲ ಪತ್ರಿಕೆಯಲ್ಲಿ ಗಡಿಯಾರ ಇಟ್ಟಾಗ 148. ಅದೇ ಪತ್ರಿಕೆಯನ್ನು ಬ್ಲೈಂಡ್ ರಿವ್ಯೂ ಉತ್ತರಗಳಿಂದ ಲೆಕ್ಕ ಹಾಕಿದಾಗ 157. ಈ ಎರಡು ಸಂಖ್ಯೆ ಪಕ್ಕ ಪಕ್ಕ ನೋಡಿದ ಬೆಳಿಗ್ಗೆ ನನಗೆ ಧೈರ್ಯ ಬಂತು. ಒಂಬತ್ತು ಅಂಕ ನನ್ನ ತಲೆಯೊಳಗೆ ಆಗಲೇ ಇತ್ತು. ಅದನ್ನು 35 ನಿಮಿಷದೊಳಗೆ ಹೊರಗೆ ತರುವುದಷ್ಟೇ ಬಾಕಿ.

ಇನ್ನೊಂದು ಲೆಕ್ಕ ಕೂಡ ಭಯ ಕಡಿಮೆ ಮಾಡಿತು. ಅಂಕ ಬರುವ ಮೂರು ಸೆಕ್ಷನ್ ಸೇರಿ 77ರ ಆಸುಪಾಸು ಪ್ರಶ್ನೆಗಳಿರುತ್ತವೆ. ನಾನು ಬರೆದ ಪತ್ರಿಕೆಗಳಲ್ಲಿ 148ಕ್ಕೂ 160ಕ್ಕೂ ನಡುವೆ ಇದ್ದದ್ದು ಹದಿನಾಲ್ಕು ಹದಿನೈದು ಸರಿಯುತ್ತರ. ಅಂದರೆ ಒಂದು ಸೆಕ್ಷನ್‌ಗೆ ಐದು. ಹನ್ನೆರಡು ಅಂಕ ಏರಿಸಬೇಕು ಅಂದರೆ ಬೆಟ್ಟ ಹತ್ತುವ ಹಾಗೆ ಕಾಣುತ್ತೆ. ಸೆಕ್ಷನ್‌ಗೆ ಐದು ಪ್ರಶ್ನೆ ಅಂದರೆ ಕೈಗೆಟುಕುತ್ತೆ.

ಈಗ ನೋಟ್‌ಬುಕ್. ಪ್ರತಿ ತಪ್ಪಿಗೂ ಮೂರು ಸಾಲು, ಕನ್ನಡದಲ್ಲೇ ಬರೆದೆ. ನಾನು ಯಾಕೆ ಆ ಆಯ್ಕೆಗೆ ಹೋದೆ? ಸರಿಯುತ್ತರ ಯಾಕೆ ಸರಿ? ಯಾವ ಪದ ನನ್ನ ಕಣ್ಣು ತಪ್ಪಿಸಿತು? ಇಂಗ್ಲಿಷಿನಲ್ಲಿ ಬರೆಯಲು ಶುರು ಮಾಡಿದ್ದೆ. ಆದರೆ ಇಂಗ್ಲಿಷಿನಲ್ಲಿ ಬರೆದಾಗ ನಾನು ಆ ವಾಕ್ಯದ ಪದಗಳನ್ನೇ ಹಿಂದೆ ಮುಂದೆ ಮಾಡಿ ಬರೆದುಬಿಡುತ್ತಿದ್ದೆ. ಅರ್ಥವಾಗಿದೆಯೋ ಇಲ್ಲವೋ ಅಂತ ನನಗೇ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ಹೇಳಬೇಕು ಅಂದರೆ ಪೂರ್ತಿ ಅರ್ಥ ಆಗಿರಲೇಬೇಕು. ಅರ್ಧ ಅರ್ಥ ಆಗಿದ್ದರೆ ವಾಕ್ಯ ಮಧ್ಯದಲ್ಲೇ ನಿಂತುಬಿಡುತ್ತೆ.

ಒಂದು ಉದಾಹರಣೆ ಕೊಡುತ್ತೇನೆ. ಪ್ರಶ್ನೆ ನಾನೇ ಕಟ್ಟಿದ್ದು, ಆದರೆ ಜಾತಿ ಅದೇ. ಒಂದು ಊರಿನಲ್ಲಿ ಸೈಕಲ್ ಓಡಿಸುವವರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದರು. ಮುಂದಿನ ವರ್ಷ ಸೈಕಲ್‌ನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆಗೆ ಬಂದವರು ಕಡಿಮೆಯಾದರು. ಹಾಗಾಗಿ ಹೆಲ್ಮೆಟ್ ಜನರ ತಲೆ ಕಾಪಾಡಿತು. ಈ ವಾದ ನಿಲ್ಲಬೇಕಾದರೆ ಯಾವ ಮಾತನ್ನು ಒಪ್ಪಿಕೊಂಡಿರಲೇಬೇಕು? ಒಂದು ಆಯ್ಕೆ: ತಲೆ ಕಾಪಾಡಲು ಹೆಲ್ಮೆಟ್‌ಗಿಂತ ಒಳ್ಳೆಯ ದಾರಿ ಇಲ್ಲ. ಇನ್ನೊಂದು: ಕಾನೂನು ಬಂದ ಮೇಲೆ ಸೈಕಲ್ ಓಡಿಸುವವರ ಸಂಖ್ಯೆ ಅಷ್ಟೇ ಪ್ರಮಾಣದಲ್ಲಿ ಇಳಿದಿಲ್ಲ.

ಜುಲೈನ ನಾನಾಗಿದ್ದರೆ ಮೊದಲನೆಯದಕ್ಕೆ ಹೋಗುತ್ತಿದ್ದೆ. ಅದು ಹೆಲ್ಮೆಟ್ ಪರವಾಗಿ ಗಟ್ಟಿಯಾಗಿ ಮಾತಾಡುತ್ತೆ, ವಾದಕ್ಕೆ ಬೆಂಬಲ ಕೊಟ್ಟ ಹಾಗೆ ಕಾಣುತ್ತೆ. ಆದರೆ ತಿರುಗಿಸಿ ನೋಡಿ. ಹೆಲ್ಮೆಟ್‌ಗಿಂತ ಒಳ್ಳೆಯ ದಾರಿ ಇದೆ ಅಂದುಕೊಳ್ಳಿ. ಆಗಲೂ ಹೆಲ್ಮೆಟ್ ತಲೆ ಕಾಪಾಡಿರಬಹುದು. ವಾದಕ್ಕೆ ಏನೂ ಆಗಲ್ಲ. ಎರಡನೆಯದನ್ನು ತಿರುಗಿಸಿ. ಹೆಲ್ಮೆಟ್ ತೊಂದರೆ ಬೇಡ ಅಂತ ಜನ ಸೈಕಲ್ ಬಿಟ್ಟು ಕಾರು ಹಿಡಿದರು ಅಂದುಕೊಳ್ಳಿ. ಓಡಿಸುವವರೇ ಕಡಿಮೆಯಾದರೆ ಬೀಳುವವರೂ ಕಡಿಮೆ. ವಾದ ಅಲ್ಲೇ ಕುಸಿಯಿತು. ತಿರುಗಿಸಿದಾಗ ಯಾವುದು ವಾದವನ್ನು ಬೀಳಿಸುತ್ತೋ ಅದೇ ಉತ್ತರ. ಇದನ್ನು ನೆಗೇಷನ್ ಟೆಸ್ಟ್ ಅಂತಾರೆ. ಪಾಠದಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಅದು ನನ್ನ ಮೈಗೆ ಹತ್ತಿದ್ದು ನೋಟ್‌ಬುಕ್‌ನಲ್ಲಿ ಇಪ್ಪತ್ತನೇ ಸಲ ಬರೆದ ಮೇಲೆ.

ಮೂರು ವಾರ ಆದ ಮೇಲೆ ನೋಟ್‌ಬುಕ್ ಹಿಂದಿನಿಂದ ತಿರುವಿ ಎಣಿಸಿದೆ. ಒಟ್ಟು 94 ತಪ್ಪು. ಅದರಲ್ಲಿ 41 ತಪ್ಪು ಒಂದೇ ಬಗೆಯದು. ಕೊನೆಗೆ ಎರಡು ಆಯ್ಕೆ ಉಳಿದಾಗ ಜೋರಾಗಿ ಮಾತಾಡುವ ಆಯ್ಕೆಯನ್ನೇ ಹಿಡಿದಿದ್ದೆ. "ಯಾವಾಗಲೂ", "ಎಲ್ಲರೂ", "ಅತ್ಯಂತ" ಅನ್ನುವ ಪದ ಇರುವವು. ಮೇಲಿನ ಹೆಲ್ಮೆಟ್ ಪ್ರಶ್ನೆಯ ಥರದ್ದರಲ್ಲಿ, ಮತ್ತೆ "ಇದರಿಂದ ಏನು ತಿಳಿಯುತ್ತೆ" ಅನ್ನುವ ಪ್ರಶ್ನೆಗಳಲ್ಲಿ, ಸರಿಯುತ್ತರ ಸಾಮಾನ್ಯವಾಗಿ ಮೆತ್ತಗೆ ಮಾತಾಡುತ್ತೆ. "ಕೆಲವರಾದರೂ", "ಇರಬಹುದು" ಅನ್ನುತ್ತೆ. ಆದರೆ ವಾದವನ್ನು ಬಲಪಡಿಸುವ, ದುರ್ಬಲಗೊಳಿಸುವ ಪ್ರಶ್ನೆಗಳಲ್ಲಿ ಜೋರು ಮಾತಿಗೆ ಹೆದರಬೇಕಿಲ್ಲ. ಇನ್ನು 22 ತಪ್ಪಿನಲ್ಲಿ ನಾನು ವಾದದ ತೀರ್ಮಾನ ಯಾವ ವಾಕ್ಯ ಅಂತಲೇ ಸರಿಯಾಗಿ ಗುರುತಿಸಿರಲಿಲ್ಲ. 17 ತಪ್ಪು ಷರತ್ತಿನ ವಾಕ್ಯಗಳದ್ದು. ಉಳಿದ 14 ಸಮಯ ಸಾಲದೆ ಆದದ್ದು. ಸಮಯ ಸಾಲಲ್ಲ, ಅದೇ ನನ್ನ ಸಮಸ್ಯೆ ಅಂತ ನಾನು ಅಲ್ಲಿಯವರೆಗೆ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ. ಲೆಕ್ಕ ಬೇರೆ ಹೇಳಿತು. ನಾಲ್ಕನೇ ವಾರದಿಂದ ಹೊಸ ಪ್ರಶ್ನೆಗಳನ್ನು ಅರ್ಧಕ್ಕೆ ಇಳಿಸಿದೆ. ಮೊದಲ ಎರಡು ಬಗೆಯ ತಪ್ಪುಗಳ ಹಿಂದೆ ಬಿದ್ದೆ.

ಷರತ್ತಿನ ವಾಕ್ಯ ನನಗೆ ಅರ್ಥ ಮಾಡಿಸಿದ್ದು ಮಗಳು. ಆಗಸ್ಟ್ ತಿಂಗಳ ಒಂದು ಶನಿವಾರ. "ಆಟದ ಸಾಮಾನು ಎತ್ತಿಟ್ಟರೆ ಮಾತ್ರ ಸ್ವಿಮ್ಮಿಂಗ್ ಪೂಲ್‌ಗೆ" ಅಂದಿದ್ದೆ. ಅವಳು ಒಂದೊಂದೇ ಸಾಮಾನು ಡಬ್ಬಕ್ಕೆ ತುಂಬಿ, ನೆಲ ಕೂಡ ಒರೆಸಿ, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದು ನಿಂತಳು. ಅಷ್ಟರಲ್ಲಿ ಗುಡುಗು. ಗುಡುಗಿದರೆ ಪೂಲ್ ಮುಚ್ಚುತ್ತಾರೆ. "ಅಮ್ಮ, ಎತ್ತಿಟ್ಟರೆ ಹೋಗೋಣ ಅಂದಿದ್ದೆ ಅಲ್ವಾ?" ಅಂತ ಅತ್ತಳು. "ಇಲ್ಲ ಪುಟ್ಟಿ, ಎತ್ತಿಟ್ಟರೆ ಮಾತ್ರ ಅಂದಿದ್ದೆ" ಅಂದೆ. ಅಂದವಳು ಅಲ್ಲೇ ನಿಂತೆ. ಎತ್ತಿಡದೆ ಹೋಗೋಕಾಗಲ್ಲ, ಅದು ನಾನು ಹೇಳಿದ್ದು. ಎತ್ತಿಟ್ಟರೆ ಖಂಡಿತ ಹೋಗುತ್ತೇವೆ ಅಂತ ನಾನು ಹೇಳಿರಲಿಲ್ಲ. ಅವಳು ಕೇಳಿಸಿಕೊಂಡದ್ದು ಅದನ್ನೇ. ಹದಿನೇಳು ಪ್ರಶ್ನೆಗಳಲ್ಲಿ ನಾನೂ ಕೇಳಿಸಿಕೊಂಡದ್ದು ಅದನ್ನೇ. ಅವತ್ತು ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದೆ. ಮರುದಿನ ಪೂಲ್‌ಗೆ ಕರೆದುಕೊಂಡು ಹೋದೆ. ನೋಟ್‌ಬುಕ್‌ನ ಒಂದು ಪುಟದಲ್ಲಿ ಬಾಣದ ಗುರುತು ಹಾಕಿ ಬರೆದೆ: ಪೂಲ್‌ಗೆ ಹೋದೆವು ಅಂದರೆ ಸಾಮಾನು ಎತ್ತಿಟ್ಟಿದ್ದಾಳೆ. ಬಾಣ ಆ ಕಡೆಗೆ ಮಾತ್ರ. ಆಮೇಲೆ ಇಂಗ್ಲಿಷಿನಲ್ಲಿ "ಓನ್ಲಿ ಇಫ್" ಕಂಡಾಗಲೆಲ್ಲ ಟವೆಲ್ ಹಾಕಿಕೊಂಡು ನಿಂತ ಮಗಳು ಕಣ್ಣ ಮುಂದೆ ಬರುತ್ತಿದ್ದಳು. "ಅನ್‌ಲೆಸ್" ಇದ್ದರೆ ಕನ್ನಡದಲ್ಲಿ "ಇಲ್ಲದಿದ್ದರೆ" ಅಂತ ಬದಲಾಯಿಸಿ ಓದುತ್ತಿದ್ದೆ. ಕೊನೆಯ ನಾಲ್ಕು ವಾರದಲ್ಲಿ ಈ ಬಗೆಯ ತಪ್ಪು ಮೂರೇ ಮೂರು.

ಸಮಯದ ವಿಷಯದಲ್ಲಿ ಕಲಿತದ್ದು ಇಷ್ಟು. ಲಾಜಿಕಲ್ ರೀಸನಿಂಗ್‌ನಲ್ಲಿ ಸುಮಾರು 25 ಪ್ರಶ್ನೆ, 35 ನಿಮಿಷ. ಒಂದಕ್ಕೆ ಒಂದೂವರೆ ನಿಮಿಷವೂ ಬರಲ್ಲ. ಆದರೆ ಎಲ್ಲ ಪ್ರಶ್ನೆಗೂ ಸಮನಾಗಿ ಹಂಚಬಾರದು. ಮೊದಲ ಹತ್ತು ಸಾಮಾನ್ಯವಾಗಿ ಸುಲಭ, ಅವನ್ನು ಸ್ವಲ್ಪ ಬೇಗ ಮುಗಿಸಬಹುದು. ಯಾವುದಾದರೂ ಒಂದು ಪ್ರಶ್ನೆ ಎರಡು ನಿಮಿಷ ದಾಟಿದರೆ ಏನಾದರೂ ಒಂದು ಉತ್ತರ ಒತ್ತಿ, ಬಾವುಟ ಹಾಕಿ, ಮುಂದಕ್ಕೆ ಹೋಗಬೇಕು. ಕಷ್ಟದ್ದಕ್ಕೂ ಒಂದೇ ಅಂಕ, ಸುಲಭದ್ದಕ್ಕೂ ಒಂದೇ ಅಂಕ. ಹಟ ಹಿಡಿದು ಕೂತರೆ ಹಿಂದೆ ಕಾಯುತ್ತಿರುವ ಎರಡು ಸುಲಭದ ಪ್ರಶ್ನೆ ಕೈತಪ್ಪುತ್ತವೆ.

ರೀಡಿಂಗ್ ನನಗೆ ಕೊನೆಯವರೆಗೂ ಕಷ್ಟವೇ. ನಾಲ್ಕು ಓದುವ ಭಾಗ, ಸುಮಾರು 27 ಪ್ರಶ್ನೆ. ಒಂದು ಭಾಗಕ್ಕೆ ಒಂಬತ್ತು ನಿಮಿಷವೂ ಸಿಗಲ್ಲ. ಅದರಲ್ಲಿ ಒಂದು ಭಾಗ ಮಾತ್ರ ಎರಡು ಚಿಕ್ಕ ಬರಹಗಳನ್ನು ಹೋಲಿಸುವಂಥದ್ದು. ನಾನು ಮೊದಲ ಐದು ವಾರ ಮೂರೇ ಭಾಗ ಮಾಡಿದೆ. ನಾಲ್ಕನೆಯದಕ್ಕೆ ಎಲ್ಲದಕ್ಕೂ ಒಂದೇ ಅಕ್ಷರ ಒತ್ತಿ ಬಿಟ್ಟೆ. ನಾಲ್ಕನ್ನೂ ಓಡೋಡಿ ಮಾಡಿದಾಗ ಬರುತ್ತಿದ್ದ ಅಂಕಕ್ಕಿಂತ ಮೂರನ್ನು ನಿಧಾನವಾಗಿ ಮಾಡಿದಾಗ ಜಾಸ್ತಿ ಬಂತು. ತಪ್ಪಿಗೆ ಅಂಕ ಕಳೆಯಲ್ಲವಲ್ಲ, ಖಾಲಿ ಮಾತ್ರ ಬಿಡಬಾರದು. ಕೊನೆಯ ವಾರಗಳಲ್ಲಿ ನಾಲ್ಕನೆಯದರಲ್ಲೂ ಎರಡು ಮೂರು ಪ್ರಶ್ನೆ ಮುಟ್ಟುವಷ್ಟು ಸಮಯ ಉಳಿಯತೊಡಗಿತು. ಬಿಕಾಂ ಓದಿದವಳು ನಾನು, ವಿಜ್ಞಾನದ ಭಾಗ ಕಂಡರೆ ಭಯ ಇತ್ತು. ಮಾಡುತ್ತಾ ಹೋದ ಹಾಗೆ ಗೊತ್ತಾಯಿತು, ವಿಜ್ಞಾನದ್ದೇ ವಾಸಿ. ಹಳೆಯ ವಿವರಣೆ, ಹೊಸ ಪ್ರಯೋಗ, ಆದ್ದರಿಂದ ಹೊಸ ವಿವರಣೆ, ದಾರಿ ನೇರ. ಕಲೆ, ಸಾಹಿತ್ಯ ವಿಮರ್ಶೆಯ ಭಾಗದಲ್ಲಿ ಬರೆದವರು ಮೆಚ್ಚುತ್ತಿದ್ದಾರೋ ಟೀಕಿಸುತ್ತಿದ್ದಾರೋ ಅಂತ ಹಿಡಿಯೋದೇ ಕಷ್ಟ. ಅಲ್ಲೂ ಕನ್ನಡವೇ ಕೈಹಿಡಿಯಿತು. ಒಂದೊಂದು ಪ್ಯಾರಾ ಮುಗಿದ ಮೇಲೆ ನಿಂತು, ಮೆಲ್ಲಗೆ ಬಾಯಿಬಿಟ್ಟು ಒಂದು ವಾಕ್ಯ ಹೇಳಿಕೊಳ್ಳುತ್ತಿದ್ದೆ. "ಇದು ಬೇರೆಯವರ ಅಭಿಪ್ರಾಯ." "ಇದನ್ನು ಇವರು ಅರ್ಧ ಒಪ್ಪುತ್ತಾರೆ." "ಇಲ್ಲಿ ಇವರ ಮಾತು ಶುರು." ಪರೀಕ್ಷೆಯಲ್ಲಿ ಬಾಯಿಬಿಟ್ಟು ಹೇಳೋಕಾಗಲ್ಲ. ಅದಕ್ಕೇ ಕೊನೆಯ ಎರಡು ವಾರ ಮನಸ್ಸಿನಲ್ಲೇ ಹೇಳಿಕೊಳ್ಳುವ ಅಭ್ಯಾಸ ಮಾಡಿದೆ.

ಪೂರ್ತಿ ಪತ್ರಿಕೆ ನಾನು ಬರೆದದ್ದು ಏಳು ಮಾತ್ರ, ಎಲ್ಲವೂ ಶನಿವಾರ. ಐವತ್ತರಲ್ಲಿ ಏಳು! ಉಳಿದದ್ದು ಬಿಡಿ ಸೆಕ್ಷನ್‌ಗಳು. ಲಾಹಬ್ ಅಡ್ವಾಂಟೇಜ್ ಕೊಂಡು ದುಡ್ಡು ದಂಡ ಆಯಿತಾ? ಇಲ್ಲ. ಬೇಕಾದ ಬಗೆಯ ಸೆಕ್ಷನ್ ಬೇಕಾದಷ್ಟು ಸಿಕ್ಕಿತು, ಮಾಡಿದ್ದನ್ನೇ ಮತ್ತೆ ಮಾಡುವ ಪರಿಸ್ಥಿತಿ ಬರಲಿಲ್ಲ. ಆದರೆ ದಿನಕ್ಕೊಂದು ಪೂರ್ತಿ ಪತ್ರಿಕೆ ಬರೆದು ಅಂಕ ನೋಡಿ ಮುಚ್ಚಿಡುವವರನ್ನು ಕಂಡಿದ್ದೇನೆ. ಅವರ ಶ್ರಮ ನೋಡಿದರೆ ಸಂಕಟ ಆಗುತ್ತೆ. ಅಂಕ ಅಲ್ಲೇ ನಿಂತಿರುತ್ತೆ.

ಬರವಣಿಗೆಯ ಭಾಗ ಬೇರೆಯೇ ಇದೆ, ಆರ್ಗ್ಯುಮೆಂಟೇಟಿವ್ ರೈಟಿಂಗ್ ಅಂತ. 15 ನಿಮಿಷ ಯೋಚನೆಗೆ, 35 ನಿಮಿಷ ಬರೆಯೋಕೆ. ಅದಕ್ಕೆ ಅಂಕ ಇಲ್ಲ, ಆದರೆ ಮುಗಿಸದಿದ್ದರೆ ಮೊದಲ ಸಲ ಬರೆಯುವವರಿಗೆ ಫಲಿತಾಂಶ ಕೊಡಲ್ಲ. ಒಂದು ಬೆಳಿಗ್ಗೆ ಲಾಹಬ್‌ನಲ್ಲಿ ಅಭ್ಯಾಸ ಮಾಡಿದೆ, ಮರುವಾರ ಬರೆದು ಮುಗಿಸಿದೆ.

ಯಾರಿಗೆ ಇದು ಸಾಲದು? ಓದು ಬಿಟ್ಟು ಬಹಳ ವರ್ಷವಾಗಿ, ವಾದ ಅಂದರೇನು, ತೀರ್ಮಾನ ಅಂದರೇನು ಅಂತ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು ಅನ್ನಿಸಿದವರಿಗೆ. ಅಂಥವರು ದೊಡ್ಡ ಕೋರ್ಸ್ ಬದಲು ಒಬ್ಬ ಟ್ಯೂಟರ್ ಹತ್ತಿರ ಮೂರು ನಾಲ್ಕು ಗಂಟೆ ತೆಗೆದುಕೊಳ್ಳಿ. ತಪ್ಪುಗಳ ನೋಟ್‌ಬುಕ್ ಜೊತೆಯಲ್ಲೇ ಒಯ್ಯಿರಿ. ನಾನು ಆರನೇ ವಾರದಲ್ಲಿ ಹೀಗೆ ಒಂದೇ ಒಂದು ಗಂಟೆ ತೆಗೆದುಕೊಂಡೆ. ಅವರು ನನ್ನ ನೋಟ್‌ಬುಕ್‌ನ ತಪ್ಪುಗಳನ್ನು ನೋಡಿ, "ನೀವು ಆಯ್ಕೆಗಳನ್ನು ಓದುವ ಮೊದಲು ಉತ್ತರ ಹೇಗಿರಬೇಕು ಅಂತ ಒಂದು ಕ್ಷಣವೂ ಯೋಚಿಸುತ್ತಿಲ್ಲ" ಅಂದರು. ಆ ಒಂದು ಮಾತಿಗೆ ಕೊಟ್ಟ ದುಡ್ಡು ಸಾರ್ಥಕ. ಅವತ್ತಿನಿಂದ ಪ್ರಶ್ನೆ ಓದಿದ ಮೇಲೆ ಮೂರು ಸೆಕೆಂಡ್ ಕಣ್ಣು ಎಡಗಡೆಯೇ ಇಟ್ಟು, ವಾದದ ತೂತು ಎಲ್ಲಿದೆ ಅಂತ ಹುಡುಕಿ, ಆಮೇಲೆ ಬಲಗಡೆಗೆ ಹೋಗುತ್ತಿದ್ದೆ.

ಪರೀಕ್ಷೆಗೆ ಟೆಸ್ಟ್ ಸೆಂಟರ್ ಆರಿಸಿಕೊಂಡಿದ್ದೆ. ಮನೆಯಲ್ಲಿ ಬರೆದರೆ ಮಗಳು ಬಾಗಿಲು ತಟ್ಟುತ್ತಾಳೇನೋ ಅನ್ನುವ ಯೋಚನೆಯೇ ನನಗೆ ಸಾಕಿತ್ತು. ಎರಡನೇ ಸೆಕ್ಷನ್‌ನಲ್ಲಿ ಒಂದು ಪ್ರಶ್ನೆ ಹತ್ತಿರ ಸಿಕ್ಕಿಹಾಕಿಕೊಂಡೆ. ಎರಡು ಆಯ್ಕೆ ಉಳಿದಿದ್ದವು. ಒಂದು ಜೋರು, ಒಂದು ಮೆತ್ತಗೆ. ಜೋರಿನದನ್ನು ತಿರುಗಿಸಿದೆ, ವಾದ ಬೀಳಲಿಲ್ಲ. ಮೆತ್ತಗಿನದನ್ನು ತಿರುಗಿಸಿದೆ, ಬಿತ್ತು. ಒತ್ತಿ ಮುಂದೆ ಹೋದೆ. ಆ ಪ್ರಶ್ನೆಗೆ ಸರಿ ಬಂತೋ ಇಲ್ಲವೋ ಗೊತ್ತಿಲ್ಲ. ಆದರೆ ಯಾಕೆ ಒತ್ತುತ್ತಿದ್ದೇನೆ ಅಂತ ತಿಳಿದು ಒತ್ತಿದೆ. ಜುಲೈನಲ್ಲಿ ನನಗೆ ಆ ನೆಮ್ಮದಿ ಇರಲಿಲ್ಲ.

ಕೊನೆಗೆ ದುಡ್ಡಿನ ಮಾತು. ಪರೀಕ್ಷೆಯ ಶುಲ್ಕ 2025–26ರ ಸಾಲಿನಲ್ಲಿ 248 ಡಾಲರ್ ಇತ್ತು. ಲಾಹಬ್ ಅಡ್ವಾಂಟೇಜ್ 120. ಆದಾಯ ಕಡಿಮೆ ಇದ್ದರೆ ಫೀ ವೇವರ್‌ಗೆ, ಅಂದರೆ ಶುಲ್ಕ ಮನ್ನಾಕ್ಕೆ, ಅರ್ಜಿ ಹಾಕಬಹುದು. ಅದು ಮಂಜೂರಾದರೆ ಪರೀಕ್ಷೆಯ ಶುಲ್ಕದ ಜೊತೆಗೆ ಲಾಹಬ್ ಅಡ್ವಾಂಟೇಜ್ ಕೂಡ ಉಚಿತ. ನಮ್ಮ ಆಫೀಸಿನ ಒಬ್ಬ ಹುಡುಗಿ ಇದು ಗೊತ್ತಿಲ್ಲದೆ ಮೊದಲೇ ಎಲ್ಲ ಕಟ್ಟಿಬಿಟ್ಟಿದ್ದಳು. ಕಟ್ಟಿದ ಮೇಲೆ ವೇವರ್ ಸಿಕ್ಕರೂ ಆ ದುಡ್ಡು ವಾಪಸ್ ಬರಲ್ಲ. ಹಾಗಾಗಿ ಮೊದಲು ವೇವರ್ ಅರ್ಜಿ ಹಾಕಿ. ಉತ್ತರ ಬರುವವರೆಗೆ ಉಚಿತ ಖಾತೆಯ ಪತ್ರಿಕೆಗಳಲ್ಲಿ ಒಂದನ್ನು ಬಿಡಿಸಿ, ಒಂದು ನೋಟ್‌ಬುಕ್ ತಂದಿಟ್ಟುಕೊಳ್ಳಿ.